ಆ್ಯಪ್ ಹಾಕಿಸಿಕೊಳ್ಳದಿದ್ದರೆ ಹೊಸ ಕಾರಿನ ಕೀ ಕೊಡುವುದಿಲ್ಲ ಎನ್ನಬಹುದೇ?

ಹಾಸನದ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳ ಒಂದು ಶುಕ್ರವಾರ ನಮ್ಮ ಮನೆಗೆ ಮೊದಲ ಕಾರು ಬಂತು. ಅಪ್ಪನನ್ನು ತಿಂಗಳಿಗೆ ಎರಡು ಸಲ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿರುವುದರಿಂದ ಬ್ಯಾಂಕ್ ಸಾಲ ಮಾಡಿ ತೆಗೆದುಕೊಂಡ ಕಾರು ಅದು. ಹತ್ತೂವರೆಗೆ ರಾಹುಕಾಲ ಹಿಡಿಯುವ ಮೊದಲೇ ಗಾಡಿ ಹೊರಗೆ ಬರಬೇಕೆಂದು ಅಮ್ಮ ಹೇಳಿದ್ದರಿಂದ ಒಂಬತ್ತು ಗಂಟೆಗೇ ಷೋರೂಮಿನಲ್ಲಿದ್ದೆವು. ಪೂಜೆ ಮುಗಿದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಇನ್ನೇನು ಕೀ ಕೈಗೆ ಬರಬೇಕು ಎನ್ನುವ ಹೊತ್ತಿಗೆ ಸೇಲ್ಸ್ ಎಕ್ಸಿಕ್ಯೂಟಿವ್ ಬಂದು, "ಮೇಡಂ, ಫೋನ್ ಅನ್‌ಲಾಕ್ ಮಾಡಿ ಕೊಡಿ, ಎರಡು ನಿಮಿಷದ ಕೆಲಸ" ಎಂದರು. ಏನು ಕೆಲಸ ಎಂದು ಕೇಳಿದ್ದಕ್ಕೆ ಕಂಪನಿಯ ಆ್ಯಪ್ ಹಾಕಬೇಕು ಎಂದರು. ಮನೆಗೆ ಹೋಗಿ ಓದಿ ನೋಡಿ ಹಾಕಿಕೊಳ್ಳುತ್ತೇನೆ ಎಂದೆ. ಅದಕ್ಕೆ ಅವರು, ಆ್ಯಪ್ ಆ್ಯಕ್ಟಿವೇಟ್ ಆಗದೆ ಸಿಸ್ಟಮ್‌ನಲ್ಲಿ ಡೆಲಿವರಿ ಕ್ಲೋಸ್ ಆಗುವುದಿಲ್ಲ, ವಾರಂಟಿಯೂ ಶುರುವಾಗುವುದಿಲ್ಲ ಎಂದುಬಿಟ್ಟರು. ಮ್ಯಾನೇಜರರನ್ನು ಕರೆಸಿದೆ, ಅವರೂ ಅದನ್ನೇ ಹೇಳಿದರು. ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು, ಅಮ್ಮ ಆರತಿ ತಟ್ಟೆ ಹಿಡಿದು ನಿಂತೇ ಇದ್ದರು. "ಕೊಟ್ಟುಬಿಡಮ್ಮ, ಹೊತ್ತಾಯ್ತು" ಎಂದರು. ಕೊಟ್ಟೆ.

ಆಮೇಲೆ ನಡೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಇಂಗ್ಲಿಷಿನಲ್ಲಿದ್ದ ಷರತ್ತುಗಳ ಉದ್ದನೆಯ ಪುಟವನ್ನು ಆ ಹುಡುಗ ಹೆಬ್ಬೆರಳಿನಿಂದ ಒಂದೇ ಸಲ ಕೆಳಗಿನವರೆಗೂ ಜಾರಿಸಿ ಒಪ್ಪಿಗೆಯ ಚೌಕಕ್ಕೆ ಗುರುತು ಹಾಕಿದ, ಲೊಕೇಶನ್ ಕೇಳಿದಾಗ ಅನುಮತಿ ಕೊಟ್ಟ, ಕಾಂಟ್ಯಾಕ್ಟ್ಸ್ ಕೇಳಿದಾಗಲೂ ಕೊಟ್ಟ, ಕೊನೆಗೆ ಬಂದ ಒಟಿಪಿಯನ್ನು ತಾನೇ ಓದಿಕೊಂಡು ಹಾಕಿದ. ಇಷ್ಟಕ್ಕೂ ಒಂದೂವರೆ ನಿಮಿಷ ಹಿಡಿದಿರಲಾರದು. ಸಂಜೆ ಮನೆಯಲ್ಲಿ ತೆರೆದು ನೋಡಿದರೆ, ಷೋರೂಮಿನಿಂದ ದೇವಸ್ಥಾನಕ್ಕೆ, ಅಲ್ಲಿಂದ ಮನೆಗೆ ಬಂದ ದಾರಿ ನಕ್ಷೆಯಲ್ಲಿ ಗೆರೆ ಎಳೆದಂತೆ ಇತ್ತು. ಎರಡು ಕಡೆ ಜೋರಾಗಿ ಬ್ರೇಕ್ ಹಾಕಿದ್ದೇನೆ ಎಂದೂ ಬರೆದಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಖಾತೆಯ ವಿವರದಲ್ಲಿದ್ದ ಇಮೇಲ್ ವಿಳಾಸ ನನ್ನದಾಗಿರಲಿಲ್ಲ.

ಈ ಆ್ಯಪ್ ನೋಂದಣಿಗೋ ವಾರಂಟಿಗೋ ನಿಜವಾಗಿಯೂ ಬೇಕೇ? ಬೇಡವಾದರೆ ಅವರು ಇಷ್ಟೊಂದು ಹಟ ಹಿಡಿಯುವುದು ಏಕೆ? ಈಗ ಫೋನಿನಿಂದ ಅಳಿಸಿಹಾಕಿದರೆ ಸಾಕೇ? ತಿಳಿದವರು ದಯವಿಟ್ಟು ಹೇಳಬೇಕು.

ಶಿವಮೊಗ್ಗದ ಹಿರಿಯರು

ಸಾರಿಗೆ ಕಚೇರಿಯ ಕಾಗದಪತ್ರಗಳ ಜೊತೆಯಲ್ಲೇ ಬಹಳ ವರ್ಷ ಕಳೆದವನು ನಾನು, ಆದ್ದರಿಂದ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಹೊಸ ಕಾರಿನ ನೋಂದಣಿಗೆ ಬೇಕಾಗುವುದು ನಮೂನೆ 20ರ ಅರ್ಜಿ, ಡೀಲರ್ ಕೊಡುವ ನಮೂನೆ 21ರ ಮಾರಾಟ ಪತ್ರ, ತಯಾರಕರು ಕೊಡುವ ನಮೂನೆ 22ರ ಯೋಗ್ಯತಾ ಪತ್ರ, ವಿಮೆ, ವಿಳಾಸದ ದಾಖಲೆ ಮತ್ತು ಜೀವಾವಧಿ ತೆರಿಗೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಖಾಸಗಿ ಕಾರಿನ ಮಾಲೀಕರು ತಯಾರಕರ ಆ್ಯಪ್ ಹಾಕಿಕೊಳ್ಳಬೇಕೆಂಬ ಮಾತು ಎಲ್ಲಿಯೂ ಇಲ್ಲ.

ಇಲ್ಲಿ ಒಂದು ಗೊಂದಲವನ್ನು ಬೇಕೆಂದೇ ಹುಟ್ಟಿಸುವುದನ್ನು ನಾನು ಕೇಳಿದ್ದೇನೆ. ಟ್ಯಾಕ್ಸಿ, ಬಸ್ಸುಗಳಂಥ ಹಳದಿ ಬೋರ್ಡಿನ ಸಾರ್ವಜನಿಕ ಸೇವೆಯ ವಾಹನಗಳಿಗೆ ಎಐಎಸ್ 140 ಮಾನದಂಡದ ಸ್ಥಳ ಸೂಚಕ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯ. 2019ರ ಜನವರಿ 1ರ ನಂತರ ನೋಂದಣಿಯಾದ ಹೊಸ ವಾಹನಗಳಿಂದ ಅದು ಶುರುವಾಯಿತು. ಬಿಳಿ ಬೋರ್ಡಿನ ನಿಮ್ಮ ಕಾರಿಗೂ ಅದಕ್ಕೂ ಸಂಬಂಧವಿಲ್ಲ. "ಈಗ ಸರ್ಕಾರವೇ ಟ್ರ್ಯಾಕಿಂಗ್ ಕಡ್ಡಾಯ ಮಾಡಿದೆ" ಎಂದು ಯಾರಾದರೂ ಹೇಳಿದರೆ, ಯಾವ ವಾಹನಕ್ಕೆ ಎಂದು ಕೇಳಿ.

ವಾರಂಟಿಯ ವಿಷಯದಲ್ಲಿ ನನ್ನ ಮಾತಿಗಿಂತ ನಿಮ್ಮ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿರುವ ವಾರಂಟಿ ಪುಸ್ತಕವೇ ಸಾಕ್ಷಿ. ಅವಧಿ ಯಾವ ದಿನದಿಂದ ಲೆಕ್ಕ ಎಂಬುದು ಅದರಲ್ಲಿ ಅಚ್ಚಾಗಿರುತ್ತದೆ. ಆ ವಾಕ್ಯದಲ್ಲಿ ಆ್ಯಪ್ ಎಂಬ ಪದ ಇದೆಯೇ ಎಂದು ನೋಡಿ.

ಹುಬ್ಬಳ್ಳಿಯ ಮಾಜಿ ಷೋರೂಂ ನೌಕರ

ಮೇಡಂ, ನಿಮ್ಮ ಫೋನ್ ಹಿಡಿದ ಆ ಹುಡುಗನ ಜಾಗದಲ್ಲಿ ಆರು ವರ್ಷ ನಾನಿದ್ದೆ. ನಾನೂ ಹೀಗೆಯೇ ಮಾಡಿದ್ದೇನೆ, ಅದಕ್ಕಾಗಿ ಈಗ ನನಗೆ ಬೇಸರವಿದೆ, ಆದ್ದರಿಂದ ತಿಳಿದದ್ದನ್ನೆಲ್ಲ ಹೇಳುತ್ತೇನೆ.

ನಾನಿದ್ದ ಕಡೆ ತಿಂಗಳಿಗೆ ಎಷ್ಟು ಕಾರು ಕೊಟ್ಟೆವು ಎನ್ನುವುದರ ಪಕ್ಕದಲ್ಲೇ ಎಷ್ಟು ಕಾರುಗಳಲ್ಲಿ ಆ್ಯಪ್ ಆ್ಯಕ್ಟಿವೇಟ್ ಆಯಿತು ಎಂಬ ಇನ್ನೊಂದು ಲೆಕ್ಕ ಇರುತ್ತಿತ್ತು. ಆ ಲೆಕ್ಕ ಕಡಿಮೆಯಾದರೆ ತಯಾರಕರಿಂದ ಡೀಲರಿಗೆ ಬರುವ ಹಣದಲ್ಲಿ ಕಡಿತ, ಡೀಲರಿಂದ ನಮಗೆ ಬರುವ ಇನ್ಸೆಂಟಿವ್‌ನಲ್ಲಿ ಕಡಿತ. ಸಂಬಳ ಕಡಿಮೆ, ಇನ್ಸೆಂಟಿವ್ ಮೇಲೆಯೇ ಮನೆ ನಡೆಯಬೇಕು. ಗಿರಾಕಿ ಕಾರಿನೊಂದಿಗೆ ಗೇಟು ದಾಟಿದ ಮೇಲೆ ಫೋನ್ ಮಾಡಿ "ಆ್ಯಪ್ ಹಾಕಿಕೊಳ್ಳಿ" ಎಂದರೆ ಯಾರೂ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಕೀ ಇನ್ನೂ ನಮ್ಮ ಕೈಯಲ್ಲಿರುವಾಗಲೇ ಮಾಡಿಸಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ಮನೆಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಫೋಟೊಗೆ ನಿಂತಿರುವಾಗ ಯಾರೂ ಜಗಳ ಮಾಡುವುದಿಲ್ಲ ಎಂಬುದು ಎಲ್ಲ ಷೋರೂಮುಗಳಿಗೂ ಗೊತ್ತು.

ಅವರ ಮಾತಿನಲ್ಲಿ ಅರ್ಧ ನಿಜ ಒಂದಿದೆ, ಅದನ್ನೂ ಹೇಳಬೇಕು. ನಿಮ್ಮ ಕಾರಿನೊಳಗೆ ಒಂದು ಇ-ಸಿಮ್ ಇರುತ್ತದೆ. ಯಂತ್ರಗಳಿಗೆಂದು ಕೊಡುವ ಇಂಥ ಸಿಮ್ ಯಾರ ಬಳಿ ಇದೆ ಎಂಬ ವಿವರವನ್ನು ದೂರಸಂಪರ್ಕ ಇಲಾಖೆಯ ನಿಯಮದಂತೆ ಇಟ್ಟುಕೊಳ್ಳಲೇಬೇಕು, ಅದಕ್ಕೆ ನಿಮ್ಮ ಗುರುತಿನ ಚೀಟಿ ಕೇಳಿದರೆ ತಪ್ಪಲ್ಲ. ಆದರೆ ಆ ಕೆವೈಸಿ ಬೇರೆ, ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಮತ್ತು ಲೊಕೇಶನ್ ಅನುಮತಿ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಗಿರಾಕಿಗೆ ಬೇರೆ ಬೇರೆ ಎಂದು ಗೊತ್ತಾಗುವುದಿಲ್ಲ.

ನಿಮ್ಮ ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಫೋನಿನಿಂದ ಆ್ಯಪ್ ಅಳಿಸಿದರೆ ಫೋನಿನ ಮಾಹಿತಿ ಹೋಗುವುದು ಮಾತ್ರ ನಿಲ್ಲುತ್ತದೆ. ಕಾರಿನ ಒಳಗಿರುವ ಸಾಧನ ಅದೇ ಸಿಮ್ ಮೂಲಕ ತನ್ನ ಪಾಡಿಗೆ ತಾನು ಮಾಹಿತಿ ಕಳಿಸುತ್ತಲೇ ಇರುತ್ತದೆ, ಏಕೆಂದರೆ ಸೇವೆ ನಿಮ್ಮ ಹೆಸರಿನಲ್ಲಿ ಚಾಲೂ ಆಗಿದೆ. ಹಾಗಾಗಿ ಅವಸರದಲ್ಲಿ ಅಳಿಸಬೇಡಿ; ಅಳಿಸಿದರೆ ಒಳಗೆ ಹೋಗಿ ಬದಲಾಯಿಸುವ ದಾರಿಯೂ ತಪ್ಪುತ್ತದೆ. ಮೊದಲು ಖಾತೆಯ ಇಮೇಲ್ ಬದಲಾಯಿಸಿಕೊಳ್ಳಿ. ತಿಂಗಳ ಕೊನೆಯಲ್ಲಿ ಗಡಿಬಿಡಿಯಾದಾಗ ನಾವು ನಮ್ಮದೇ ಇಮೇಲ್ ಹಾಕಿ ಮುಗಿಸುತ್ತಿದ್ದದ್ದು ಉಂಟು. ಬದಲಾಯಿಸುವವರೆಗೆ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಆ ವಿಳಾಸಕ್ಕೇ ಹೋಗುತ್ತದೆ. ಆಮೇಲೆ ಪಾಸ್‌ವರ್ಡ್ ಮತ್ತು ನಾಲ್ಕಂಕಿಯ ಪಿನ್ ಬದಲಿಸಿ, ಎರಡನೆಯ ಬಳಕೆದಾರ ಎಂದು ಬೇರೆ ಯಾರಾದರೂ ಇದ್ದರೆ ತೆಗೆದುಹಾಕಿ. ಕಾರಿನ ಪರದೆಯ ಸೆಟ್ಟಿಂಗ್ಸ್‌ನಲ್ಲಿ ಮಾಹಿತಿ ಹಂಚಿಕೆ ನಿಲ್ಲಿಸುವ ಆಯ್ಕೆ ಇದ್ದರೆ ನಿಲ್ಲಿಸಿ. ಸೇವೆಯೇ ಬೇಡವೆಂದರೆ ಕಂಪನಿಯ ಗ್ರಾಹಕ ಸೇವೆಗೆ ಬರೆದು ನಿಲ್ಲಿಸಲು ಕೇಳಿ. ಕಾರು ಓಡುವುದಕ್ಕೆ, ಸರ್ವೀಸಿಗೆ ಬಿಡುವುದಕ್ಕೆ ಏನೂ ತೊಂದರೆಯಿಲ್ಲ. ತುರ್ತು ಕರೆಯ ಗುಂಡಿ ಇದ್ದರೆ ಅದು ಮಾತ್ರ ಈ ಸೇವೆಯ ಜೊತೆಗೇ ನಿಲ್ಲಬಹುದು, ಅದನ್ನು ಕೇಳಿಯೇ ತೀರ್ಮಾನಿಸಿ.

ಡಲ್ಲಾಸ್ ಕನ್ನಡಿಗ

ಹುಬ್ಬಳ್ಳಿಯವರು ಹೇಳಿದ ಲೆಕ್ಕ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ನಾವು ಇಲ್ಲಿ ಕಣ್ಣಾರೆ ಕಂಡೆವು. ಜನರಲ್ ಮೋಟಾರ್ಸ್ ಕಂಪನಿಯ ಕಾರುಗಳಲ್ಲಿ ಆನ್‌ಸ್ಟಾರ್ ಎಂಬ ಸಂಪರ್ಕ ಸೇವೆ ಇದೆ, ಅದರೊಳಗೆ ಸ್ಮಾರ್ಟ್ ಡ್ರೈವರ್ ಎಂಬ ಒಂದು ಸೌಲಭ್ಯ ಇತ್ತು. ಚೆನ್ನಾಗಿ ಓಡಿಸುವುದನ್ನು ಕಲಿಸುವ ಸೌಲಭ್ಯ ಎಂದು ಹೇಳಲಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಹೀಗೆ ಸಂಗ್ರಹಿಸಿದ ಮಾಹಿತಿ, ಜನರ ವಿವರ ಕಲೆಹಾಕಿ ವರದಿ ಮಾಡಿ ಮಾರುವ ಲೆಕ್ಸಿಸ್‌ನೆಕ್ಸಿಸ್ ಮತ್ತು ವೆರಿಸ್ಕ್ ಎಂಬ ಸಂಸ್ಥೆಗಳಿಗೆ ಹೋಗಿ, ಅಲ್ಲಿಂದ ವಿಮಾ ಕಂಪನಿಗಳ ಕೈಗೆ ಸಿಗುತ್ತಿದೆ ಎಂದು ಬರೆಯಿತು. ಸಿಯಾಟಲ್ ಹತ್ತಿರದ ಒಬ್ಬರು, ತಮ್ಮ ವಿಮೆಯ ಕಂತು ಶೇ. 21ರಷ್ಟು ಏರಿದ್ದೇಕೆ ಎಂದು ಹುಡುಕುತ್ತಾ ಹೋಗಿ ಲೆಕ್ಸಿಸ್‌ನೆಕ್ಸಿಸ್‌ನಿಂದ ತಮ್ಮ ವರದಿಯನ್ನು ತರಿಸಿಕೊಂಡರೆ ಅದು 258 ಪುಟ ಇತ್ತು. ಆರು ತಿಂಗಳಲ್ಲಿ ಆ ಕಾರು ಹೋಗಿಬಂದ 640 ಪ್ರಯಾಣಗಳ ಹೊರಟ ಹೊತ್ತು, ಮುಗಿದ ಹೊತ್ತು, ದೂರ, ಜೋರಾಗಿ ಹಾಕಿದ ಬ್ರೇಕ್ ಎಲ್ಲವೂ ಅದರಲ್ಲಿದ್ದವು. ತಮ್ಮ ಕಾರು ಇದನ್ನೆಲ್ಲ ಬರೆದಿಡುತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಭಾಗ ಇದು. ಆ ಸುದ್ದಿಯನ್ನು ಬರೆದ ಪತ್ರಕರ್ತೆಯ ಮನೆಯಲ್ಲಿಯೇ ಅದೇ ಕಂಪನಿಯ ಕಾರು ಇತ್ತು, ಅವರು ಆ ಸೌಲಭ್ಯವನ್ನು ಎಂದೂ ಕೇಳಿರಲಿಲ್ಲ; ಕಾರು ಕೊಳ್ಳುವ ದಿನ ಡೀಲರ್ ಕಡೆಯವರೇ ಸೇರಿಸಿದ್ದರೆಂದು ನಂತರ ತಿಳಿಯಿತು. ಹೀಗೆ ಸೇರಿಸಿದ ಮಾರಾಟಗಾರರಿಗೆ ಬೋನಸ್ ಸಿಗುತ್ತಿತ್ತು ಎಂದೂ ಆ ಪತ್ರಿಕೆ ಬರೆಯಿತು. 2024ರ ಆಗಸ್ಟ್‌ನಲ್ಲಿ ನಮ್ಮ ಟೆಕ್ಸಸ್ ರಾಜ್ಯದ ಅಟಾರ್ನಿ ಜನರಲ್ ಹೂಡಿದ ದಾವೆಯಲ್ಲಿ ಈ ಘಟ್ಟದ ಬಗ್ಗೆಯೇ ಆರೋಪವಿದೆ: ಗಂಟೆಗಟ್ಟಲೆ ಕಾಗದಗಳಿಗೆ ಸಹಿ ಹಾಕಿ ದಣಿದ ಗಿರಾಕಿಗೆ, ಈ ಸೇವೆಗಳಿಗೆ ಸೇರುವುದು ಕಡ್ಡಾಯ ಎಂಬ ಭಾವನೆ ಹುಟ್ಟಿಸಲಾಯಿತು ಎಂದು. ಓದಿದಾಗ ನನಗೂ ನನ್ನ ಡೆಲಿವರಿಯ ದಿನ ನೆನಪಾಯಿತು.

ಕಂಪನಿ 2024ರಲ್ಲಿಯೇ ಆ ಎರಡು ಸಂಸ್ಥೆಗಳಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿ ಸ್ಮಾರ್ಟ್ ಡ್ರೈವರ್ ಅನ್ನು ಮುಚ್ಚಿತು. 2025ರ ಜನವರಿಯಲ್ಲಿ ಇಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆಯಂತೆ ಸ್ಥಳದ ಮಾಹಿತಿ ಸಂಗ್ರಹವಾಗುತ್ತಿತ್ತು ಎಂದು ಹೇಳಿ, ಇಂಥ ಮಾಹಿತಿಯನ್ನು ಲೆಕ್ಸಿಸ್‌ನೆಕ್ಸಿಸ್‌ನಂಥ ಗ್ರಾಹಕ ವರದಿ ಸಂಸ್ಥೆಗಳಿಗೆ ಐದು ವರ್ಷ ಕೊಡಕೂಡದು ಎಂಬ ಕ್ರಮ ಪ್ರಕಟಿಸಿತು. ಇದು ಅಮೆರಿಕದ ಕಥೆ, ನಿಮ್ಮ ಕಾರಿನ ಕಂಪನಿಯೂ ಹೀಗೆಯೇ ಮಾಡುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಭಾರತದಲ್ಲಿಯೂ ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ಕಂತು ನಿರ್ಧರಿಸುವ ವಿಮೆಗೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2022ರ ಜುಲೈನಲ್ಲಿ ಅನುಮತಿ ಕೊಟ್ಟಿದೆ. ಆದ್ದರಿಂದ ನೀವು ಕಂಡ ಆ "ಜೋರು ಬ್ರೇಕ್ ಎರಡು" ಎಂಬ ಸಾಲು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳುವ ಕಾಲ ಅಲ್ಲಿಯೂ ಬಂದಿದೆ.

ಬೆಂಗಳೂರಿನ ಇವಿ ಮಾಲೀಕ

ಇಲ್ಲಿಯವರೆಗಿನ ಮಾತುಗಳನ್ನು ಒಪ್ಪುತ್ತಲೇ ಇನ್ನೊಂದು ಬದಿಯನ್ನೂ ಹೇಳಬೇಕೆನಿಸಿತು. ನನ್ನದು ಬ್ಯಾಟರಿ ಕಾರು. ಚನ್ನರಾಯಪಟ್ಟಣದ ಬಳಿ ಚಾರ್ಜಿಗೆ ಹಾಕಿ ಊಟಕ್ಕೆ ಕುಳಿತಾಗ ಎಷ್ಟು ತುಂಬಿದೆ ಎಂದು ನೋಡುವುದಕ್ಕೆ, ಏಪ್ರಿಲ್ ಬಿಸಿಲಿನಲ್ಲಿ ಕೂರುವ ಮೊದಲೇ ಎಸಿ ಹಾಕುವುದಕ್ಕೆ, ರಾತ್ರಿ ಬಾಗಿಲು ಹಾಕಿದ್ದೇನೆಯೇ ಎಂದು ಪರೀಕ್ಷಿಸುವುದಕ್ಕೆ ನನಗೆ ಆ್ಯಪ್ ದಿನವೂ ಬೇಕು. ಕಾರು ಕಳುವಾದರೆ ಎಲ್ಲಿದೆ ಎಂದು ಪೊಲೀಸರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿಯದು. ಅಪ್ಪನನ್ನು ದೂರದ ಆಸ್ಪತ್ರೆಗೆ ಕರೆದೊಯ್ಯುವ ನಿಮಗೆ, ಅಪಘಾತವಾದಾಗ ತಾನಾಗಿ ಕರೆ ಹೋಗುವ ಸೌಲಭ್ಯ ಇದ್ದರೆ ಅದು ಸಣ್ಣದಲ್ಲ. ಯುರೋಪಿನಲ್ಲಿ 2018ರ ಮಾರ್ಚ್ ಕೊನೆಯಿಂದ ಹೊಸ ಮಾದರಿಯ ಕಾರುಗಳಿಗೆ ಇಂಥ ತುರ್ತು ಕರೆಯ ಸಾಧನ ಕಡ್ಡಾಯ. ಆದರೆ ಅದು ಅಪಘಾತವಾಗುವವರೆಗೆ ಅಥವಾ ಯಾರಾದರೂ ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ. ಅದಕ್ಕೆ ಫೋನಿನ ಆ್ಯಪ್ ಬೇಕಿಲ್ಲ, ಯಾರ ಕಾಂಟ್ಯಾಕ್ಟ್ಸೂ ಬೇಕಿಲ್ಲ. ಸುರಕ್ಷತೆಯನ್ನು ಹೀಗೂ ಕೊಡಬಹುದು ಎನ್ನುವುದಕ್ಕೆ ಅದನ್ನು ಹೇಳಿದೆ.

ಹಾಗೆಂದು ನನ್ನ ಮನಸ್ಸು ಪೂರ್ತಿ ನಿಶ್ಚಿಂತೆಯಾಗಿಲ್ಲ. ಇದಕ್ಕೂ ಹಿಂದಿನ ಪೆಟ್ರೋಲ್ ಕಾರನ್ನು ನಾನು ಮಾರಿದಾಗ ಆರ್‌ಸಿ ವರ್ಗಾವಣೆಯಾಯಿತು, ವಿಮೆ ಬದಲಾಯಿತು, ಎರಡು ಕೀಗಳನ್ನೂ ಕೊಟ್ಟೆ. ಎರಡು ತಿಂಗಳಾದ ಮೇಲೆ ಫೋನಿನಲ್ಲಿ ಹಳೆಯ ಆ್ಯಪ್ ಕಣ್ಣಿಗೆ ಬಿತ್ತು, ತೆರೆದೆ. ಆ ಕಾರು ತುಮಕೂರಿನ ಒಂದು ಬೀದಿಯಲ್ಲಿ, ಯಾರದೋ ಮನೆಯ ಮುಂದೆ ನಿಂತಿತ್ತು. ಬಾಗಿಲಿನ ಬೀಗ ತೆಗೆಯುವ ಗುಂಡಿ ನನ್ನ ಬೆರಳಿನ ಕೆಳಗಿತ್ತು. ಕೊಂಡವರ ಮನೆಯಲ್ಲಿ ಹೆಣ್ಣುಮಕ್ಕಳಿದ್ದರು ಎಂದು ನನಗೆ ಗೊತ್ತಿತ್ತು. ಅವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಎಲ್ಲಿಗೆ ಹೊರಡುತ್ತಾರೆ ಎಂಬುದನ್ನು ನಾನು ಇಲ್ಲಿ ಕುಳಿತು ನೋಡಬಹುದಿತ್ತು. ಕೂಡಲೇ ಅವರಿಗೆ ಫೋನ್ ಮಾಡಿ ಹೇಳಿ, ಖಾತೆಯಿಂದ ಕಾರನ್ನು ತೆಗೆದುಹಾಕಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಹಿಂದಿನವರ ಖಾತೆ ತೆಗೆಸಿ, ಕಾರಿನ ಪರದೆಯನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿಯೇ ಹಣ ಕೊಡಬೇಕು.

ಮೈಸೂರಿನ ವಕೀಲೆ

ಕಾನೂನಿನ ದೃಷ್ಟಿಯಿಂದ ನಿಮ್ಮ ದೂರಿನಲ್ಲಿ ಹುರುಳಿದೆ. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದು ಸೇವೆಯನ್ನು ಪಡೆದೇ ತೀರಬೇಕು ಎಂದು ಷರತ್ತು ಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿಯಲ್ಲಿ ಸೇರುತ್ತದೆ. ಆ್ಯಪ್ ಉಚಿತ ಎನ್ನುವುದು ಇದಕ್ಕೆ ಪೂರ್ತಿ ಉತ್ತರವಾಗುವುದಿಲ್ಲ, ಏಕೆಂದರೆ ಹಲವು ಕಂಪನಿಗಳ ಸೇವೆ ಮೊದಲ ಕೆಲವು ವರ್ಷ ಉಚಿತವಾಗಿದ್ದು ಆಮೇಲೆ ಚಂದಾ ಕಟ್ಟಬೇಕಾಗುತ್ತದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದ್ದು, ಕೊಳ್ಳಲು ಬಂದ ವಸ್ತುವಿಗೆ ಬೇಕಿಲ್ಲದ ವೈಯಕ್ತಿಕ ಮಾಹಿತಿಯನ್ನು ಕೊಡುವಂತೆ ಬಲವಂತ ಮಾಡುವುದೂ ಅವುಗಳಲ್ಲಿ ಒಂದು. ಅದು ಪರದೆಯ ಮೇಲಿನ ವಿನ್ಯಾಸಕ್ಕೆ ಅನ್ವಯಿಸುವಂಥದ್ದು. ಷೋರೂಮಿನಲ್ಲಿ ಬಾಯಿಮಾತಿನಲ್ಲಿ ಹಾಕಿದ ಒತ್ತಡಕ್ಕೆ ಮೂಲ ಕಾಯ್ದೆಯನ್ನೇ ಹಿಡಿಯಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಸ್ಪಷ್ಟ. ಒಪ್ಪಿಗೆ ಎನ್ನುವುದು ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಹೇಳಿದ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗೆ ಮಾತ್ರ ಸೀಮಿತವಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಬರಬೇಕು. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿರುತ್ತದೆ. ಹೆಬ್ಬೆರಳಿನಿಂದ ಜಾರಿಸಿದ ಆ ಪುಟ ಕನ್ನಡದಲ್ಲಿದ್ದರೆ ನಿಮ್ಮ ಅಮ್ಮನೂ ಓದುತ್ತಿದ್ದರು, ಬಹುಶಃ "ಕೊಟ್ಟುಬಿಡಮ್ಮ" ಎನ್ನುತ್ತಿರಲಿಲ್ಲ. ಆದರೆ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿಗೆ ಬರುವಂತೆ ಅಧಿಸೂಚನೆಯಾಗಿರುವುದರಿಂದ ಅಲ್ಲಿಯವರೆಗೆ ಗ್ರಾಹಕ ಕಾಯ್ದೆಯೇ ನಿಮ್ಮ ಕೈಯಲ್ಲಿರುವ ಸಾಧನ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಮ್ಮವರೇ ಗಳಿಸಿಕೊಟ್ಟ ಹಕ್ಕು ಎಂಬ ಅಭಿಮಾನದಿಂದ ಇದನ್ನು ನೆನೆಯುತ್ತೇನೆ.

ಸದ್ಯಕ್ಕೆ ಡೀಲರಿಗೂ ಕಂಪನಿಯ ಕುಂದುಕೊರತೆ ವಿಭಾಗಕ್ಕೂ ಒಂದೇ ಇಮೇಲ್ ಬರೆಯಿರಿ. ವಾರಂಟಿಗೆ ಆ್ಯಪ್ ಕಡ್ಡಾಯ ಎಂದು ಹೇಳಿದ್ದನ್ನು ಲಿಖಿತವಾಗಿ ದೃಢಪಡಿಸಿ ಎಂದು ಕೇಳಿ. ಆ ಮಾತನ್ನು ಬರಹದಲ್ಲಿ ಕೊಡಲು ಯಾರೂ ಮುಂದೆ ಬರುವುದಿಲ್ಲ, ಆ ಮೌನವೇ ನಿಮಗೆ ದಾಖಲೆ. ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಅವಧಿ ಇದೆ.

ಹಾಸನದ ಶಿಕ್ಷಕಿ

ಇಷ್ಟು ಜನ ಬಿಡುವು ಮಾಡಿಕೊಂಡು ಬರೆದಿದ್ದಕ್ಕೆ ನಾನು ಋಣಿ. ಹತ್ತು ದಿನಗಳಲ್ಲಿ ಆದದ್ದನ್ನು ತಿಳಿಸುತ್ತೇನೆ. ವಾರಂಟಿ ಪುಸ್ತಕ ತೆಗೆದು ನೋಡಿದೆ. ಅವಧಿ ಕಾರು ಕೈಗೆ ಬಂದ ದಿನದಿಂದ ಎಂದಷ್ಟೇ ಇದೆ, ಆ್ಯಪ್ ಎಂಬ ಪದ ಆ ಪುಟದಲ್ಲಿ ಇಲ್ಲ. ಖಾತೆಯಲ್ಲಿದ್ದ ಇಮೇಲ್ ಹುಬ್ಬಳ್ಳಿಯವರು ಊಹಿಸಿದಂತೆ ಆ ಎಕ್ಸಿಕ್ಯೂಟಿವ್ ಹುಡುಗನದೇ ಆಗಿತ್ತು. ಗ್ರಾಹಕ ಸೇವೆಗೆ ಮೂರು ಸಲ ಫೋನ್ ಮಾಡಿ, ಆರ್‌ಸಿ ಪ್ರತಿ ಕಳಿಸಿದ ಮೇಲೆ ಬದಲಾಯಿಸಿದರು. ಡೀಲರಿಗೆ ಬರೆದ ಪತ್ರದಲ್ಲಿ ಆ ಹುಡುಗನ ಮೇಲೆ ಕ್ರಮ ಬೇಡವೆಂದು ಸ್ಪಷ್ಟವಾಗಿ ಬರೆದಿದ್ದೇನೆ. ವಾರಂಟಿಯ ಮಾತಿಗೆ ಇನ್ನೂ ಉತ್ತರ ಬಂದಿಲ್ಲ. ಮ್ಯಾನೇಜರ್ ಮಾತ್ರ ಫೋನ್ ಮಾಡಿ, ಸರ್ವೇ ಕರೆ ಬಂದಾಗ ಹತ್ತಕ್ಕೆ ಹತ್ತು ಅಂಕ ಕೊಡಿ ಎಂದು ಕೇಳಿಕೊಂಡರು. ಕೊಡುವುದಿಲ್ಲ ಎಂದೆ, ಕಾರಣವನ್ನೂ ಹೇಳಿದೆ.

ಆ್ಯಪ್ ಅನ್ನು ಪೂರ್ತಿ ತೆಗೆಯಲಿಲ್ಲ. ಇವಿ ಮಾಲೀಕರ ಮಾತು ಯೋಚಿಸುವಂತೆ ಮಾಡಿತು. ಅಪ್ಪ ಜೊತೆಗಿರುವಾಗ ತುರ್ತು ಕರೆ ಇರಲಿ ಎಂದು ಆ ಸೇವೆಯನ್ನು ಉಳಿಸಿಕೊಂಡು, ಫೋನಿನ ಕಾಂಟ್ಯಾಕ್ಟ್ಸ್ ಅನುಮತಿಯನ್ನೂ, ಓಡಿಸುವ ರೀತಿಗೆ ಅಂಕ ಕೊಡುವ ಸೌಲಭ್ಯವನ್ನೂ ನಿಲ್ಲಿಸಿದ್ದೇನೆ. ಈ ಸಲ ಪ್ರತಿ ಪುಟವನ್ನೂ ನಾನೇ ಓದಿ ಒತ್ತಿದೆ, ಮುಕ್ಕಾಲು ಗಂಟೆ ಹಿಡಿಯಿತು.

ನನ್ನ ನಾದಿನಿ ಮುಂದಿನ ಬುಧವಾರ ಹೊಸ ಕಾರು ತೆಗೆದುಕೊಳ್ಳುತ್ತಿದ್ದಾಳೆ. ಬಾಕಿ ಹಣವನ್ನು ಹಿಂದಿನ ದಿನವೇ ಕಟ್ಟಿ, ಡೆಲಿವರಿಗೆ ಹೋಗುವಾಗ ಸ್ಮಾರ್ಟ್‌ಫೋನನ್ನು ಮನೆಯಲ್ಲಿ ಬಿಟ್ಟು, ಸಿಮ್ ಅನ್ನು ಅತ್ತೆಯ ಕೀಪ್ಯಾಡ್ ಫೋನಿಗೆ ಹಾಕಿಕೊಂಡು ಹೋಗು ಎಂದು ಹೇಳಿದ್ದೇನೆ. ಫೋಟೊ ತೆಗೆಯುವುದಕ್ಕೆ ನಾನು ಜೊತೆಯಲ್ಲಿ ಹೋಗುತ್ತೇನೆ.